ಯಂತ್ರ ಕೆಟ್ಟು ನಿಂತ ದಿನದ ಲೆಕ್ಕ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಬಡತನವನ್ನು ತಗ್ಗಿಸಬಲ್ಲ ಅಗ್ಗದ ಯಂತ್ರಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು, ಸಮಯ ಚಿಕ್ಕದು. ಆದುದರಿಂದ ಎಲ್ಲವನ್ನೂ ಹೇಳುವ ಆಸೆ ಬಿಟ್ಟು, ಒಂದೇ ಒಂದು ಮಾತನ್ನು ನಿಮ್ಮ ಮುಂದೆ ಇಡುತ್ತೇನೆ. ಬಡವನ ಯಂತ್ರದ ಬೆಲೆಯನ್ನು ಅದನ್ನು ಕೊಂಡ ದಿನ ಗೊತ್ತುಮಾಡಲಾಗದು; ಅದು ಕೆಟ್ಟು ನಿಂತ ದಿನ ಗೊತ್ತುಮಾಡಬೇಕು. ಇಷ್ಟೇ ನನ್ನ ಮಾತು. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಈ ಮಾತು ನಿಮಗೆ ಹೊಸದಲ್ಲ. ನಮ್ಮಲ್ಲಿ ಕೆಲವರು ಕಾರ್ಖಾನೆಯಲ್ಲಿ ಫಿಟ್ಟರುಗಳು, ಕೆಲವರು ಲೇತಿನ ಮೇಲೆ ನಿಲ್ಲುವವರು, ಕೆಲವರು ಹೋಟೆಲ್ಲಿನ ಅಡುಗೆಮನೆಯಲ್ಲಿ ರುಬ್ಬುವ ಯಂತ್ರದೊಡನೆ ದಿನ ಕಳೆಯುವವರು. ಯಂತ್ರ ನಿಂತರೆ ಏನಾಗುವುದೆಂದು ನಿಮಗೆ ಬಲ್ಲವರು ಬಂದು ಹೇಳಬೇಕಾಗಿಲ್ಲ. ಆದರೆ ಒಂದು ಭೇದ ಉಂಟು. ಕಾರ್ಖಾನೆಯ ಯಂತ್ರ ನಿಂತರೆ ಮಾಲಿಕನಿಗೆ ನಷ್ಟ. ಅವನ ಬಳಿ ಎರಡನೆಯ ಯಂತ್ರ ಇದೆ, ಮೆಕ್ಯಾನಿಕ್ಕು ಇದ್ದಾನೆ, ವಿಮೆ ಇದೆ, ಬ್ಯಾಂಕು ಇದೆ. ಅರ್ಧ ಎಕರೆಯ ರೈತನ ಪಂಪು ನಿಂತರೆ ಬೆಳೆ ಒಣಗುತ್ತದೆ. ಮಾಡಿದ ಸಾಲ ಮಾತ್ರ ಒಣಗುವುದಿಲ್ಲ. ಉಳ್ಳವನಿಗೆ ಕೆಟ್ಟ ಯಂತ್ರ ಒಂದು ತೊಂದರೆ. ಇಲ್ಲದವನಿಗೆ ಅದು ಹಿಂದಿದ್ದ ಸ್ಥಿತಿಗಿಂತಲೂ ಕೆಳಗಿನ ಸ್ಥಿತಿ.

ಈ ಲೆಕ್ಕವನ್ನು ನಮ್ಮ ದೇಶದಲ್ಲಿ ಬಹಿರಂಗವಾಗಿ ಬರೆದಿಟ್ಟದ್ದು ಇಂದು ನಿನ್ನೆಯಲ್ಲ. ೧೯೨೯ರಲ್ಲಿ ಅಖಿಲ ಭಾರತ ಚರಕಾ ಸಂಘವು ಒಂದು ಸ್ಪರ್ಧೆಯನ್ನು ಸಾರಿತು. ಸುಧಾರಿಸಿದ ಚರಕವೊಂದನ್ನು ರಚಿಸಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ. ಆ ಕಾಲದ ಒಂದು ಲಕ್ಷ! ಅದರ ಷರತ್ತುಗಳನ್ನು ಓದಿದರೆ ಇಂದಿನ ಇಂಜಿನಿಯರರೂ ತಲೆದೂಗಬೇಕು. ಯಂತ್ರ ಹಗುರವಾಗಿರಬೇಕು, ಹಳ್ಳಿಯ ಗುಡಿಸಲಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು. ಬೆಲೆ ೧೫೦ ರೂಪಾಯಿ ಮೀರಕೂಡದು. ಜೋಪಾನ ಮಾಡಿದರೆ ದೊಡ್ಡ ರಿಪೇರಿ ಇಲ್ಲದೆ ೨೦ ವರ್ಷ ಬಾಳಬೇಕು. ಸವೆದ ಭಾಗಗಳನ್ನು ಬದಲಿಸುವ ಖರ್ಚು ವರ್ಷಕ್ಕೆ ಯಂತ್ರದ ಬೆಲೆಯ ನೂರಕ್ಕೆ ೫ ಪಾಲನ್ನು ಮೀರಕೂಡದು. ನೋಡಿರಿ, ಬೆಲೆಯನ್ನು ಹೇಳಿ ಅವರು ಸುಮ್ಮನಾಗಲಿಲ್ಲ. ರಿಪೇರಿಯ ಖರ್ಚಿಗೂ ಗಡಿ ಹಾಕಿದರು. ಬಹುಮಾನ ಯಾರಿಗೂ ಸಲ್ಲಲಿಲ್ಲ. ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಪೂರೈಸುವ ಯಂತ್ರ ಬರಲಿಲ್ಲ. ಚರಕದ ಬಗೆಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಆ ಷರತ್ತುಗಳ ಪಟ್ಟಿ ಮಾತ್ರ ಇಂದಿಗೂ ಗೋಡೆಯ ಮೇಲೆ ತೂಗುಹಾಕುವಂಥದು.

ಆ ಪಟ್ಟಿಯನ್ನು ಮರೆತರೆ ಏನಾಗುವುದೆಂಬುದಕ್ಕೆ ನಮ್ಮ ಹಳ್ಳಿಗಳ ಕೈಪಂಪಿನ ಕಥೆಯೇ ಸಾಕು. ೧೯೬೬ ಮತ್ತು ೧೯೬೭ರಲ್ಲಿ ಬಿಹಾರ ಮೊದಲಾದ ಕಡೆ ಭೀಕರ ಬರ ಬಿದ್ದಿತು. ತೆರೆದ ಬಾವಿಗಳು ಬತ್ತಿದವು. ಆಗ ಗಟ್ಟಿ ಬಂಡೆಯನ್ನು ಕೊರೆಯಬಲ್ಲ ರಿಗ್ಗುಗಳನ್ನು ಯುನಿಸೆಫ್ ಸಂಸ್ಥೆ ವಿಮಾನದಲ್ಲಿ ತರಿಸಿತು. ಮುಂದಿನ ವರ್ಷಗಳಲ್ಲಿ ಸಾವಿರಾರು ಕೊಳವೆಬಾವಿಗಳು ಕೊರೆಯಲ್ಪಟ್ಟವು. ಬಾವಿಯ ಮೇಲೆ ಎರಕದ ಕಬ್ಬಿಣದ ಕೈಪಂಪು ಕೂರಿಸಿದರು. ಊರಿಗೆ ನೀರು ಬಂದಿತು; ಫೋಟೋ ತೆಗೆದದ್ದೂ ಆಯಿತು.

ಆದರೆ ಆ ಪಂಪು ಎಲ್ಲಿಯದು? ಅದು ಅಮೆರಿಕ ಯೂರೋಪುಗಳ ಒಕ್ಕಲು ಮನೆಯ ಹಿತ್ತಲಲ್ಲಿ ಒಂದು ಕುಟುಂಬಕ್ಕೆಂದು ಹುಟ್ಟಿದ ಪಂಪಿನ ನಕಲು. ದಿನಕ್ಕೆ ಹತ್ತು ಹದಿನೈದು ಬಕೆಟು ನೀರು ಎತ್ತಲು ಮಾಡಿದ ಯಂತ್ರವನ್ನು ನಾವು ನೂರಾರು ಜನರ ಊರಿನ ನಡುವೆ ನಿಲ್ಲಿಸಿದೆವು. ಬೆಳಿಗ್ಗೆ ನಾಲ್ಕಕ್ಕೆ ಹಿಡಿದ ಹಿಡಿಕೆ ರಾತ್ರಿಯವರೆಗೆ ಬಿಡುವಿಲ್ಲದೆ ಆಡಿತು. ಬೋಲ್ಟು ಸಡಿಲಿತು, ಸೂಜಿತೂತು ಅಗಲವಾಯಿತು, ಎರಕದ ಹಿಡಿಕೆ ಮುರಿಯಿತು. ೧೯೭೪ರ ಸುಮಾರಿಗೆ ಸಮೀಕ್ಷೆ ಮಾಡಿ ನೋಡಿದಾಗ ನಾಲ್ಕು ಪಂಪುಗಳಲ್ಲಿ ಸುಮಾರು ಮೂರು ಕೆಟ್ಟು ನಿಂತಿದ್ದವು. ಬಂಡೆ ಕೊರೆಯಲು ಖರ್ಚಾದ ಹಣವೆಲ್ಲ ನೆಲದೊಳಗೆ; ಹೆಂಗಸರ ಕೊಡ ಮತ್ತೆ ಹಳೆಯ ಹೊಂಡದಲ್ಲಿ.

ಇದಕ್ಕೆ ಪರಿಹಾರ ಬಂದದ್ದು ಎಲ್ಲಿಂದ? ದೊಡ್ಡ ಪ್ರಯೋಗಶಾಲೆಯಿಂದ ಮೊದಲು ಬರಲಿಲ್ಲ. ಮಹಾರಾಷ್ಟ್ರದ ಜಾಲ್ನಾದಲ್ಲಿ, ನಮ್ಮ ಗಡಿಗೆ ಹೊಂದಿಕೊಂಡಿರುವ, ಕನ್ನಡದ ಮಾತು ಬೀದಿಯಲ್ಲಿ ಕೇಳಿಬರುವ ಸೋಲಾಪುರದಲ್ಲಿ, ಮಿಶನರಿಗಳು ನಡೆಸುತ್ತಿದ್ದ ಬಾವಿ ಕೊರೆಯುವ ಸಣ್ಣ ವರ್ಕ್‌ಶಾಪುಗಳಿಂದ ಬಂದಿತು. ಕೆಟ್ಟ ಪಂಪುಗಳನ್ನು ದಿನವೂ ಬಿಚ್ಚಿ ಜೋಡಿಸುತ್ತಿದ್ದವರ ಕಣ್ಣಿಗೆ ರೋಗದ ಮೂಲ ಕಂಡಿತು. ಸೋಲಾಪುರದ ಪಂಪಿನಲ್ಲಿ ಎರಕದ ಕಬ್ಬಿಣದ ಬದಲು ಬೆಸುಗೆ ಹಾಕಿದ ಉಕ್ಕು ಬಂದಿತು. ಹಲವು ಕೀಲುಗಳ ಬದಲು ಬೇರಿಂಗಿನ ಮೇಲೆ ಆಡುವ ಒಂದೇ ಕೀಲು. ಹಿಡಿಕೆಯ ತಲೆಗೆ ಕಮಾನು, ಕಮಾನಿನ ಮೇಲೆ ಸರಪಳಿ. ಇದರಿಂದ ಒಳಗಿನ ಸರಳು ಓರೆಯಾಗದೆ ನೇರವಾಗಿಯೇ ಏಳುತ್ತದೆ, ಬೀಳುತ್ತದೆ. ಪಂಪಿನ ಕಂಬವನ್ನು ಬಾವಿಯ ಕೊಳವೆಗೆ ಬಿಗಿಯದೆ, ಕೊಳವೆಯ ಸುತ್ತ ಕಾಂಕ್ರೀಟಿನಲ್ಲಿ ನಿಲ್ಲಿಸಿದರು. ಆಗ ಪಂಪಿನ ನಡುಕ ಕೊಳವೆಗೆ ತಟ್ಟದು, ಹೊಲಸು ನೀರು ಬಾವಿಗೆ ಇಳಿಯದು.

ಈ ಅನುಭವವನ್ನು ತಳಹದಿಯಾಗಿಟ್ಟುಕೊಂಡು ಭಾರತ ಸರಕಾರ, ಯುನಿಸೆಫ್, ಮದ್ರಾಸಿನ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆ, ಸರಕಾರಿ ಉದ್ಯಮವಾದ ರಿಚರ್ಡ್‌ಸನ್ ಅಂಡ್ ಕ್ರಡಾಸ್ ಇವೆಲ್ಲ ಸೇರಿ ೧೯೭೬-೭೭ರಲ್ಲಿ ಒಂದು ಹೊಸ ಪಂಪನ್ನು ಸಿದ್ಧಪಡಿಸಿದವು. ಅದನ್ನು ಕೊಯಮತ್ತೂರಿನ ಆಳವಾದ ಬಾವಿಗಳ ಮೇಲೆ ಕೂರಿಸಿ ಪರೀಕ್ಷಿಸಿದರು. ಅದೇ 'ಇಂಡಿಯಾ ಮಾರ್ಕ್ ೨'. ಅದರ ನಕ್ಷೆಗೆ ಪೇಟೆಂಟು ಇಲ್ಲ. ಯಾರು ಬೇಕಾದರೂ ಮಾಡಬಹುದು. ಆದರೆ ಒಬ್ಬರು ಮಾಡಿದ ಬೇರಿಂಗು ಇನ್ನೊಬ್ಬರ ಪಂಪಿಗೆ ಕೂಡಬೇಕೆಂದು ಸರಕಾರ ಅದಕ್ಕೆ ಅಳತೆಯ ಮಾನಕವನ್ನು ಗೊತ್ತುಮಾಡಿತು. ನಕ್ಷೆ ಎಲ್ಲರದು, ಅಳತೆ ಒಂದೇ. ಈ ಎರಡು ಕಾರಣಗಳಿಂದ ಆ ಪಂಪು ಭಾರತದಲ್ಲಿ ಲಕ್ಷಗಟ್ಟಲೆಯಾಗಿ ಹರಡಿ, ಆಫ್ರಿಕದ ಅನೇಕ ದೇಶಗಳಿಗೂ ಹೋಯಿತು.

ಕಥೆ ಇಲ್ಲಿಗೆ ಮುಗಿಯಿತೆಂದು ಚಪ್ಪಾಳೆ ತಟ್ಟಬೇಡಿರಿ. ಈ ಗಟ್ಟಿಮುಟ್ಟಾದ ಪಂಪಿಗೂ ಒಂದು ಕೊರತೆ ಉಳಿಯಿತು. ನೀರು ಎತ್ತುವ ಸಿಲಿಂಡರು ಬಾವಿಯ ಆಳದಲ್ಲಿದೆ. ಅದರೊಳಗೆ ಬಟ್ಟಲಿನಂಥ ಒಂದು ತೊಗಲಿನ ವಾಶರು. ವಾಶರು ಸವೆದರೆ ಪಂಪು ನಿಲ್ಲುತ್ತದೆ. ಅಂಗೈಯಗಲದ ಈ ವಾಶರನ್ನು ಬದಲಿಸಲು ಬಾವಿಯೊಳಗಿನ ಕಬ್ಬಿಣದ ಕೊಳವೆಯನ್ನೆಲ್ಲ ಮೇಲೆ ಎಳೆಯಬೇಕು. ಅದಕ್ಕೆ ಮೂರುಕಾಲಿನ ಎತ್ತುಗೋಲು, ನಾಲ್ಕು ಜನ, ಪೇಟೆಯಿಂದ ಒಂದು ಗಾಡಿ. ಗಾಡಿ ಇದ್ದರೆ ಡ್ರೈವರು ಇಲ್ಲ, ಡ್ರೈವರು ಇದ್ದರೆ ಪೆಟ್ರೋಲು ಇಲ್ಲ, ಎರಡೂ ಇದ್ದರೆ ಸಾಹೇಬರ ಸಹಿ ಇಲ್ಲ. ವಾಶರಿನ ಬೆಲೆ ಕೆಲವೇ ರೂಪಾಯಿ. ಊರು ಕಾಯಬೇಕಾದದ್ದು ವಾರಗಟ್ಟಲೆ. ಯಂತ್ರವೇನೋ ಗಟ್ಟಿಯಾಯಿತು, ಆದರೆ ಅದರ ಕೀಲಿಕೈ ಇನ್ನೂ ಊರಿನವರ ಕೈಯಲ್ಲಿ ಇರಲಿಲ್ಲ.

ಇದನ್ನು ಮನಗಂಡು ೧೯೮೩ರಿಂದ ೧೯೮೮ರ ವರೆಗೆ ಕೊಯಮತ್ತೂರಿನ ಸುತ್ತ ಮತ್ತೆ ಪರೀಕ್ಷೆ ನಡೆಯಿತು. ಕೊಳವೆಯನ್ನು ಅಗಲ ಮಾಡಿ, ಸಿಲಿಂಡರಿನ ಮೇಲ್ಬಾಯಿಯನ್ನು ತೆರೆದಿಟ್ಟರು. ಈಗ ಕೊಳವೆಯನ್ನು ಅಲುಗಿಸದೆ ಸರಳನ್ನು ಮಾತ್ರ ಎಳೆದು ವಾಶರು ಬದಲಿಸಬಹುದು. ತೊಗಲಿನ ಬದಲು ಹೆಚ್ಚು ಬಾಳುವ ನೈಟ್ರೈಲ್ ರಬ್ಬರಿನ ಬಟ್ಟಲು ಹಾಕಿದರು. ಇದು 'ಮಾರ್ಕ್ ೩'. ಊರಿನವರೇ ಇಬ್ಬರು ಮೂವರು ಸೇರಿ, ಕೈಚೀಲದಲ್ಲಿ ಹಿಡಿಯುವಷ್ಟು ಸಲಕರಣೆಗಳಿಂದ ಈ ಕೆಲಸ ಮಾಡಬಹುದು. ನೀರಿಗೆ ಕೊಡ ಹೊರುವವಳಿಗೇ ಸ್ಪಾನರು ಕೊಟ್ಟರೆ ಹೇಗೆ ಎಂಬ ವಿಚಾರವೂ ಬಂದಿತು. ರಾಜಸ್ತಾನದ ತಿಲೋನಿಯಾದಲ್ಲಿ, ಉತ್ತರಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಹಳ್ಳಿಯ ಹೆಂಗಸರು ಪಂಪಿನ ಮೆಕ್ಯಾನಿಕ್ಕುಗಳಾದರು. ಅಕ್ಷರ ಬಾರದವರೂ ಅವರಲ್ಲಿ ಇದ್ದರು. ಪಂಪು ನಿಂತರೆ ಎರಡು ಮೈಲಿ ನಡೆಯಬೇಕಾದವಳು ತಾನೇ. ಆದುದರಿಂದ ರಿಪೇರಿಯ ಅವಸರ ಅವಳಿಗೆ ಗೊತ್ತಿದ್ದಷ್ಟು ಪೇಟೆಯ ಕಚೇರಿಗೆ ಗೊತ್ತಾಗದು.

ಇದು ಕುಡಿಯುವ ನೀರಿನ ಮಾತಾಯಿತು. ಗಳಿಕೆಯ ಮಾತೇನು? ಬಡತನ ತಗ್ಗಬೇಕಾದರೆ ಕೈಗೆ ನಾಲ್ಕು ಕಾಸು ಬರಬೇಕಲ್ಲವೇ? ಇದಕ್ಕೆ ಬಾಂಗ್ಲಾದೇಶದ ಉತ್ತರ ಭಾಗದಲ್ಲಿರುವ ರಂಗಪುರದ ಕಡೆ ನೋಡೋಣ. ಅಲ್ಲಿ ಸಣ್ಣ ಹಿಡುವಳಿಯ ರೈತರೇ ಹೆಚ್ಚು. ಮಳೆಗಾಲದಲ್ಲಿ ನೀರೋ ನೀರು. ಬೇಸಗೆಯಲ್ಲಿ ಹೊಲ ಬರಿದು. ಆದರೆ ನೆಲದಡಿ ಕೆಲವೇ ಅಡಿಗಳ ಆಳದಲ್ಲಿ ನೀರಿದೆ. ಡೀಸೆಲ್ ಪಂಪು ಕೊಳ್ಳುವ ಶಕ್ತಿ ಇಲ್ಲ. ಅಲ್ಲಿ ಪರಿಹಾರ ಕೆಲಸದಲ್ಲಿದ್ದ ಗುನ್ನರ್ ಬಾರ್ನೆಸ್ ಎಂಬ ನಾರ್ವೆಯ ಇಂಜಿನಿಯರು ೧೯೮೦ರ ಸುಮಾರಿಗೆ ಕಾಲಿನಿಂದ ತುಳಿಯುವ ಒಂದು ಪಂಪನ್ನು ರಚಿಸಿದರು. ಎರಡು ಸಿಲಿಂಡರು, ಎರಡು ಬಿದಿರಿನ ತುಳಿಗೋಲು, ಮೇಲೊಂದು ಬಿದಿರಿನ ಚೌಕಟ್ಟು. ನಿಂತಲ್ಲೇ ನಡೆದಂತೆ ತುಳಿದರಾಯಿತು. ತೋಳಿಗಿಂತ ಕಾಲಿಗೆ ಬಲ ಹೆಚ್ಚು. ಮೈಯ ಭಾರವೇ ಅರ್ಧ ಕೆಲಸ ಮಾಡುತ್ತದೆ.

ಮುಂದೆ ಪಾಲ್ ಪೋಲಾಕ್ ಎಂಬವರು ಸ್ಥಾಪಿಸಿದ ಐಡಿಇ ಎಂಬ ಸಂಸ್ಥೆ ಈ ಪಂಪನ್ನು ಹರಡಿತು. ಹರಡಿದ ರೀತಿಯೇ ಮುಖ್ಯ. ಅವರು ಪಂಪನ್ನು ದಾನವಾಗಿ ಹಂಚಲಿಲ್ಲ, ಮಾರಿದರು. ಊರೂರಿನ ಸಣ್ಣ ವರ್ಕ್‌ಶಾಪುಗಳಿಗೆ ಮಾಡುವುದನ್ನು ಕಲಿಸಿದರು, ಸಂತೆಯ ಅಂಗಡಿಯವರಿಗೆ ಮಾರಲು ಕೊಟ್ಟರು, ಕೊಳವೆ ಇಳಿಸುವ ಕೆಲಸಗಾರರಿಗೆ ತರಬೇತಿ ಕೊಟ್ಟರು. ಓದುಬಾರದ ಜನರಿಗೆ ತಿಳಿಯಲೆಂದು ಹಾಡುಗಾರರನ್ನು ಕರೆಸಿದರು, ಸಿನಿಮಾ ಕೂಡ ಮಾಡಿ ತೋರಿಸಿದರು. ಪೋಲಾಕರ ಲೆಕ್ಕದಂತೆ ಕೂರಿಸುವ ಖರ್ಚೂ ಸೇರಿ ಸುಮಾರು ೨೫ ಡಾಲರು. ಬೇಸಗೆಯ ತರಕಾರಿಯಿಂದ ವರ್ಷಕ್ಕೆ ಸುಮಾರು ೧೦೦ ಡಾಲರು ಗಳಿಕೆ. ೧೦ ಲಕ್ಷಕ್ಕೂ ಹೆಚ್ಚು ಪಂಪುಗಳು ಖರ್ಚಾದವು. ಯಂತ್ರ ಕೆಟ್ಟರೆ? ಬಿದಿರು ಹಿತ್ತಲಲ್ಲಿದೆ, ವಾಶರು ಸಂತೆಯಲ್ಲಿದೆ, ಬೆಸುಗೆಯವನು ಪಕ್ಕದ ಊರಿನಲ್ಲಿದ್ದಾನೆ. ಯಂತ್ರದ ಹಿಂದೆ ಒಂದು ಬಳಗವೇ ನಿಂತಿತ್ತು. ಆ ಬಳಗವೂ ಆ ಯಂತ್ರದಿಂದಲೇ ಅನ್ನ ತಿನ್ನುತ್ತಿತ್ತು.

ಆಫ್ರಿಕದ ಕೆನ್ಯಾದಲ್ಲಿಯೂ ಇಂಥದೇ ಪ್ರಯತ್ನ ನಡೆಯಿತು. ೧೯೯೧ರಲ್ಲಿ ಮಾರ್ಟಿನ್ ಫಿಶರ್, ನಿಕ್ ಮೂನ್ ಎಂಬಿಬ್ಬರು ಕಟ್ಟಿದ ಸಂಸ್ಥೆ ಅಲ್ಲಿನ ಇಳಿಜಾರು ಹೊಲಗಳಿಗೆ ಒಗ್ಗುವಂತೆ, ನೀರನ್ನು ಹೀರುವುದಷ್ಟೇ ಅಲ್ಲದೆ ಮೇಲಕ್ಕೆ ದಬ್ಬುವ ತುಳಿಪಂಪನ್ನು ಮಾಡಿ ಮಾರಿತು. ಅದಕ್ಕೆ ಅವರಿಟ್ಟ ಹೆಸರು 'ಮನಿಮೇಕರ್', ಎಂದರೆ ಹಣ ಮಾಡುವಂಥದು. ರೈತನಿಗೆ ಬೇಕಾದದ್ದು ಯಂತ್ರವಲ್ಲ, ಗಳಿಕೆ ಎಂಬುದು ಆ ಹೆಸರಿನಲ್ಲಿಯೇ ಇದೆ.

ಆದರೆ ಹಾಗೆಂದು ನಾಳೆಯೇ ನಾವು ತುಳಿಪಂಪನ್ನು ಕೊಂಡು ಕಲಬುರಗಿಗೆ, ಕೋಲಾರಕ್ಕೆ ಕಳಿಸೋಣವೆಂದರೆ ಅದು ಮೂರ್ಖತನ. ಹೀರುವ ಪಂಪು ಸುಮಾರು ೭ ಮೀಟರಿಗಿಂತ ಆಳದ ನೀರನ್ನು ಎತ್ತಲಾರದು. ಇದು ಯಂತ್ರದ ದೋಷವಲ್ಲ, ಗಾಳಿಯ ಒತ್ತಡದ ನಿಯಮ. ನಮ್ಮ ಕೋಲಾರದಲ್ಲಿ ನೀರು ಅದಕ್ಕಿಂತ ಬಹಳ ಕೆಳಗೆ ಹೋಗಿದೆ. ರಂಗಪುರದ ಅಮೃತ ಅಲ್ಲಿ ಬರಿಯ ಬಿದಿರು. ಯಂತ್ರವು ನೆಲಕ್ಕೆ ತಕ್ಕದ್ದಾಗಿರಬೇಕು.

ಈಗ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ. ದಕ್ಷಿಣ ಆಫ್ರಿಕದಲ್ಲಿ 'ಪ್ಲೇಪಂಪ್' ಎಂಬುದು ಹುಟ್ಟಿತು. ಜಾತ್ರೆಯಲ್ಲಿ ಮಕ್ಕಳು ಕೂತು ತಿರುಗುವ ಚಕ್ರ ಉಂಟಲ್ಲ, ಅಂಥ ಚಕ್ರಕ್ಕೆ ಪಂಪು ಜೋಡಿಸಿದರು. ಮಕ್ಕಳು ಆಡುತ್ತಾರೆ, ನೀರು ತಾನಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತೊಟ್ಟಿಯ ಮೇಲಿನ ಜಾಹೀರಾತಿನ ಹಣದಿಂದ ರಿಪೇರಿ ನಡೆಯುತ್ತದೆ. ಕೇಳಲು ಎಷ್ಟು ಇಂಪು! ೨೦೦೬ರಲ್ಲಿ ಅಮೆರಿಕದ ಸರಕಾರವೂ ದಾನಿಗಳೂ ಕೋಟಿಗಟ್ಟಲೆ ಡಾಲರುಗಳ ವಾಗ್ದಾನ ಮಾಡಿದರು. ೨೦೧೦ರೊಳಗೆ ೪೦೦೦ ಪಂಪುಗಳನ್ನು ಕೂರಿಸುವ ಗುರಿ ಇತ್ತು.

ಆದದ್ದೇನು? ಒಂದೊಂದಕ್ಕೆ ಸುಮಾರು ೧೪ ಸಾವಿರ ಡಾಲರು. ಸಾಮಾನ್ಯ ಕೈಪಂಪಿನ ಹಲವು ಪಟ್ಟು. ಮಕ್ಕಳು ತಮಗೆ ಬೇಕಾದಾಗ ಆಡುತ್ತಾರೆಯೇ ಹೊರತು ಊರಿಗೆ ನೀರು ಬೇಕಾದಾಗ ಆಡುವುದಿಲ್ಲ. ಕಡೆಗೆ ಆ ಚಕ್ರವನ್ನು ನಡು ಬಗ್ಗಿಸಿ ತಳ್ಳಬೇಕಾದವರು ಹೆಂಗಸರು, ಮುದುಕಿಯರು. ಕೆಲವು ಊರುಗಳಲ್ಲಿ ಸರಿಯಾಗಿದ್ದ ಕೈಪಂಪನ್ನು ಕಿತ್ತು ಅದೇ ಬಾವಿಯ ಮೇಲೆ ಇದನ್ನು ಕೂರಿಸಿದ್ದರು. ಕೆಟ್ಟಾಗ ಫೋನು ಮಾಡಲು ತೊಟ್ಟಿಯ ಮೇಲೆ ನಂಬರು ಬರೆದಿದ್ದರು. ಊರಿನವರು ತಿಂಗಳುಗಟ್ಟಲೆ ಕಾದರು. ಜಾಹೀರಾತು ಕೊಡುವವರೂ ಹಳ್ಳಿಗಾಡಿಗೆ ಬರಲಿಲ್ಲ. ೨೦೧೦ರ ಹೊತ್ತಿಗೆ ಆ ದೊಡ್ಡ ಯೋಜನೆ ನಿಂತಿತು. ಈ ಯಂತ್ರವನ್ನು ಊರಿನವರು ಕೇಳಿರಲಿಲ್ಲ. ದೂರದ ದಾನಿಗಳು ಮೆಚ್ಚಿದ್ದರು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂದು ನಮ್ಮಲ್ಲಿ ಗಾದೆ. ಯಂತ್ರದ ಮಟ್ಟಿಗೆ ಈ ಗಾದೆಯನ್ನು ಬದಿಗಿಡಬೇಕು. ದಾನದ ಯಂತ್ರದ ಹಲ್ಲನ್ನು ಎರಡು ಸಲ ಎಣಿಸಬೇಕು.

ಹಾಗಾದರೆ ಎಲ್ಲವನ್ನೂ ಬಡವರು ಹಣ ಕೊಟ್ಟೇ ಕೊಳ್ಳಬೇಕೇ? ಇಲ್ಲಿ ನಿದಾನಿಸಿ ಯೋಚಿಸಬೇಕು. ಕುಡಿಯುವ ನೀರು, ರೋಗಕ್ಕೆ ಔಷಧ ಇವು ಸರಕಾರದ ಕರ್ತವ್ಯ. ಅಲ್ಲಿ ಅಂಗಡಿಯ ಮಾತು ಬೇಡ. ಗಳಿಕೆಗೆ ಬಳಸುವ ಯಂತ್ರವನ್ನು ಕೊಳ್ಳಬಹುದು, ಆದರೆ ಕೊಳ್ಳುವ ಕ್ರಮ ದುಡಿಮೆಯ ಕ್ರಮಕ್ಕೆ ಹೊಂದಬೇಕು. ಇದನ್ನು ನಮ್ಮ ನಾಡಿನಲ್ಲಿಯೇ ತೋರಿಸಿಕೊಟ್ಟವರಿದ್ದಾರೆ. ೧೯೯೫ರಲ್ಲಿ ಹರೀಶ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಇವರು ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ ಹಳ್ಳಿಯ ಮನೆಗಳಿಗೆ ಸೂರ್ಯನ ಬೆಳಕಿನಿಂದ ದೀಪ ಕೊಡಲು ಹೊರಟರು. ಬಡವರಿಗೆ ಸೋಲಾರು ದುಬಾರಿ, ಅವರು ಸಾಲ ತೀರಿಸುವುದಿಲ್ಲ, ಅವರಿಗೆ ಯಂತ್ರ ಕಾಪಾಡಿಕೊಳ್ಳಲು ಬಾರದು ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು.

ಅವರು ಕಂಡುಕೊಂಡದ್ದು ಸರಳವಾದ ಸಂಗತಿ. ರಸ್ತೆಯ ಬದಿಯಲ್ಲಿ ತರಕಾರಿ ಮಾರುವವಳಿಗೆ ತಿಂಗಳಿಗೆ ೩೦೦ ರೂಪಾಯಿ ಒಟ್ಟಿಗೆ ಕೊಡುವುದು ಕಷ್ಟ, ದಿನಕ್ಕೆ ೧೦ ರೂಪಾಯಿ ಕೊಡುವುದು ಕಷ್ಟವಲ್ಲ. ಏಕೆಂದರೆ ಅವಳ ಗಳಿಕೆ ದಿನದ್ದು. ಅಡಿಕೆಯ ರೈತನ ಗಳಿಕೆ ವರ್ಷಕ್ಕೊಮ್ಮೆ. ಅವನ ಕಂತೂ ಸುಗ್ಗಿಗೆ ಸರಿಯಾಗಬೇಕು. ಹೀಗೆ ಬ್ಯಾಂಕುಗಳನ್ನು ಒಪ್ಪಿಸಿ ಕಂತುಗಳನ್ನು ಗೊತ್ತುಮಾಡಿದರು. ಅದಕ್ಕಿಂತ ಹೆಚ್ಚಾಗಿ, ಊರುಗಳ ಸಮೀಪದಲ್ಲಿಯೇ ರಿಪೇರಿಯ ಶಾಖೆಗಳನ್ನು ತೆರೆದು, ಆ ಸೀಮೆಯ ಹುಡುಗರಿಗೇ ಕೆಲಸ ಕಲಿಸಿದರು. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ದೀಪವೇನೋ ಎಲ್ಲ ಕಡೆ ಸಿಗುತ್ತದೆ. ದೀಪ ಆರಿದ ದಿನ ಸೈಕಲ್ಲು ಹತ್ತಿ ಬರುವ ಮನುಷ್ಯ ಸಿಗುವುದು ಅಪರೂಪ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಅಗ್ಗದ ಯಂತ್ರವೆಂದು ಪರೀಕ್ಷೆಯನ್ನೂ ಅಗ್ಗ ಮಾಡಿದರೆ ಅನಾಹುತವಾಗುತ್ತದೆ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಗಳ ಹೊಲಸು ನೀರಿನಿಂದ ಮಕ್ಕಳು ಸಾಯುತ್ತಿದ್ದುದನ್ನು ಕಂಡು, ೧೯೭೦ರ ದಶಕದಿಂದ ಲಕ್ಷಾಂತರ ಅಗ್ಗದ ಕೊಳವೆಬಾವಿಗಳನ್ನು ಹಾಕಿದರು. ಉದ್ದೇಶ ಪವಿತ್ರವಾದುದು. ರೋಗಾಣುಗಳೇನೋ ತಪ್ಪಿದವು. ಆದರೆ ಆ ನೆಲದ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಅದು ಅಲ್ಲಿ ಪತ್ತೆಯಾದದ್ದು ೧೯೯೩ರಲ್ಲಿ. ಅಷ್ಟರೊಳಗೆ ಕೋಟಿಗಟ್ಟಲೆ ಜನ ವರ್ಷಾನುಗಟ್ಟಲೆ ಆ ನೀರನ್ನು ಕುಡಿದಿದ್ದರು. ನಮ್ಮಲ್ಲಿಯೂ ಪಾವಗಡ, ಕೋಲಾರ, ರಾಯಚೂರು ಸೀಮೆಗಳ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಹಲ್ಲು ಕಂದಾಗಿ, ಮೂಳೆ ಬಿಗಿದು, ಬೆನ್ನು ಬಾಗಿದವರನ್ನು ನಿಮ್ಮಲ್ಲಿ ಆ ಕಡೆಯವರು ಕಂಡಿರುತ್ತೀರಿ. ಬಡವನಿಗೆ ಕೊಡುವ ವಸ್ತು ಅಗ್ಗವಾಗಿರಲಿ, ಅದರ ಪರೀಕ್ಷೆ ಮಾತ್ರ ಶ್ರೀಮಂತನ ವಸ್ತುವಿಗೆ ಮಾಡುವಷ್ಟೇ ಕಟ್ಟುನಿಟ್ಟಾಗಿರಬೇಕು.

ಇಲ್ಲಿ ನಮ್ಮ ತರುಣ ಮಿತ್ರರು ಒಂದು ಪ್ರಶ್ನೆ ಹಾಕಬಹುದು, ಹಾಕಲೇಬೇಕು. "ಉಳ್ಳವನಿಗೆ ಗುಂಡಿ ಒತ್ತುವ ಮೋಟಾರು, ಇಲ್ಲದವನಿಗೆ ಕಾಲಿನಿಂದ ತುಳಿಯುವ ಬಿದಿರು, ಇದೇನು ನ್ಯಾಯ? ಬಡವರು ಬಡವರಾಗಿಯೇ ಇರಲಿ ಎಂಬ ಉಪಾಯವೇ ಇದು?" ಪ್ರಶ್ನೆ ಸರಿಯಾದದ್ದೇ. ಯಂತ್ರವು ಮನುಷ್ಯನಿಗೆ ಬಿಡುವನ್ನು ಕೊಡುತ್ತದೆ, ಬಿಡುವಿಲ್ಲದೆ ಸಂಸ್ಕೃತಿ ಇಲ್ಲ ಎಂದು ಡಾಕ್ಟರ್ ಅಂಬೇಡ್ಕರರು ೧೯೪೫ರಲ್ಲಿಯೇ ವಾದಿಸಿದ್ದರು. ಬೆವರನ್ನು ಹೊಗಳಿ ಹಾಡುವವರು ಸಾಮಾನ್ಯವಾಗಿ ಬೆವರದವರು.

ಇದಕ್ಕೆ ರಂಗಪುರದ ರೈತರೇ ಉತ್ತರ ಕೊಟ್ಟಿದ್ದಾರೆ. ಅಗ್ಗದ ಚೀನೀ ಡೀಸೆಲ್ ಇಂಜಿನ್ನುಗಳು ಬಂದ ಮೇಲೆ, ಕೈಯಲ್ಲಿ ಹಣ ಕೂಡಿದವರು ತುಳಿಯುವುದನ್ನು ಬಿಟ್ಟು ಇಂಜಿನ್ನಿನ ನೀರಿಗೆ ಹೋದರು. ಅವರು ತುಳಿಪಂಪನ್ನು ಪೂಜಿಸಲಿಲ್ಲ, ಅದರ ಮೇಲೆ ಕಾಲಿಟ್ಟು ಮೇಲೆ ಹತ್ತಿದರು. ಅಗ್ಗದ ಯಂತ್ರ ಮೆಟ್ಟಿಲು, ಮನೆಯಲ್ಲ. ಮೆಟ್ಟಿಲಿನ ಮೇಲೆಯೇ ಸಂಸಾರ ಹೂಡಿರೆಂದು ಬಡವನಿಗೆ ಯಾರೂ ಹೇಳಕೂಡದು. ಮೆಟ್ಟಿಲೇ ಬೇಡ, ನೇರವಾಗಿ ಮಾಳಿಗೆಗೆ ಹಾರಿರೆಂದೂ ಹೇಳಕೂಡದು. ಭೂಮಿಯೇ ಇಲ್ಲದವನಿಗೆ ಯಾವ ಪಂಪೂ ಬೆಳೆ ಕೊಡದು ಎಂಬುದನ್ನೂ ಮರೆಯಬಾರದು. ಕೂಲಿಯ ದರ, ಭೂಮಿಯ ಹಂಚಿಕೆ, ಶಾಲೆ, ಆಸ್ಪತ್ರೆ ಇವುಗಳ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು.

ಬಂಧುಗಳೇ, ಇದೆಲ್ಲ ಪರದೇಶದ, ಪರಸ್ಥಳದ ಮಾತು. ಈ ಮಹಾನಗರದಲ್ಲಿ ಬಾಡಿಗೆಯ ಕೋಣೆಯಲ್ಲಿರುವ ನಮಗೇನು ಎಂದು ಕೇಳುವಿರಾ? ನಮಗೆ ಎರಡು ರೀತಿಯ ಸಂಬಂಧ ಉಂಟು.

ಮೊದಲನೆಯದು ನಾವು ಊರಿಗೆ ಕಳಿಸುವ ಹಣ. ಹಿಂದೆ ಮನಿಯಾರ್ಡರು ಮಾಡುತ್ತಿದ್ದೆವು, ಈಗ ಫೋನಿನಿಂದ ಕಳಿಸುತ್ತೇವೆ. ಆ ಹಣದಲ್ಲಿ ಒಂದಲ್ಲ ಒಂದು ಯಂತ್ರ ಊರಿನ ಮನೆಗೆ ಹೋಗುತ್ತದೆ: ಪಂಪುಸೆಟ್ಟು, ಹೊಲಿಗೆಯಂತ್ರ, ರೊಟ್ಟಿಯ ಯಂತ್ರ, ಸೋಲಾರ್ ದೀಪ, ಔಷಧ ಹೊಡೆಯುವ ಸ್ಪ್ರೇಯರು. ಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಿರಿ. ಇದು ಕೆಟ್ಟರೆ ರಿಪೇರಿ ಮಾಡುವವನು ಎಷ್ಟು ದೂರದಲ್ಲಿದ್ದಾನೆ? ಬಿಡಿಭಾಗ ತಾಲೂಕಿನ ಅಂಗಡಿಯಲ್ಲಿ ಸಿಗುತ್ತದೆಯೇ, ಅಥವಾ ಕಂಪನಿಗೇ ಬರೆಯಬೇಕೇ? ದಿನವೂ ಇದನ್ನು ಹಿಡಿದು ಕೆಲಸ ಮಾಡಬೇಕಾದವಳನ್ನು ಕೇಳಿದ್ದೀರಾ? ಕಂತಿನ ದಿನ ಮತ್ತು ಮನೆಗೆ ಹಣ ಬರುವ ದಿನ ಒಂದಕ್ಕೊಂದು ಹೊಂದುತ್ತವೆಯೇ? ಈ ನಾಲ್ಕಕ್ಕೆ ಉತ್ತರ ಸಿಗದಿದ್ದರೆ, ಎಷ್ಟೇ ಅಗ್ಗವಾದರೂ ಆ ಯಂತ್ರ ದುಬಾರಿ.

ಎರಡನೆಯದು ನಮ್ಮ ಕೈಯಲ್ಲಿರುವ ವಿದ್ಯೆ. ಸೋಲಾಪುರದ ಪಂಪನ್ನು ತಿದ್ದಿದವರು ಕೆಟ್ಟ ಪಂಪನ್ನು ಬಿಚ್ಚಿದವರು. ಜಯಪುರದ ಕೃತಕ ಕಾಲಿನ ಕಥೆಯೂ ಅಷ್ಟೇ. ೧೯೬೮ರ ಸುಮಾರಿಗೆ ಡಾಕ್ಟರ್ ಪ್ರಮೋದ ಕರಣ ಸೇಠಿ ಎಂಬ ಶಸ್ತ್ರವೈದ್ಯರೊಡನೆ ಅದನ್ನು ರೂಪಿಸಿದವರು ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ. ಚಕ್ಕಳಮಕ್ಕಳ ಹಾಕಿ ಕೂಡಲು, ಕೆಸರಿನ ಹೊಲದಲ್ಲಿ ಬರಿಗಾಲಿನಲ್ಲಿ ನಡೆಯಲು ಬರುವಂಥ ರಬ್ಬರಿನ ಪಾದ ಅದು. ಡಾಕ್ಟರರಿಗೆ ಮೂಳೆಯ ವಿದ್ಯೆ ಗೊತ್ತಿತ್ತು, ಕುಶಲಕರ್ಮಿಗೆ ಕೈಯ ವಿದ್ಯೆ ಗೊತ್ತಿತ್ತು. ಎರಡೂ ಕೂಡಿದಾಗ ಕುಂಟಿದವನು ನಡೆದ.

ಇಂದು ಹಳ್ಳಿಗಳಲ್ಲಿ ಕೈಪಂಪಿನ ಕಾಲವೂ ಹಿಂದೆ ಸರಿಯುತ್ತಿದೆ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ಮನೆಮನೆಗೆ ನಲ್ಲಿ ಬರುತ್ತಿದೆ. ಸಂತೋಷದ ಸಂಗತಿ. ಆದರೆ ನಲ್ಲಿಯ ಹಿಂದೆ ಮೋಟಾರು ಇದೆ, ಮೋಟಾರಿನ ಹಿಂದೆ ಸ್ಟಾರ್ಟರು ಇದೆ, ವಾಲ್ವು ಇದೆ, ಕೊಳವೆ ಇದೆ. ಅದು ಸುಟ್ಟ ದಿನ, ಒಡೆದ ದಿನ, ಮತ್ತೆ ಅದೇ ೧೯೭೪ರ ಪ್ರಶ್ನೆ: ಯಾರು ಸರಿಮಾಡುವರು, ಎಷ್ಟು ದಿನದಲ್ಲಿ?

ಆದುದರಿಂದ ಸಂಘಕ್ಕೆ ನನ್ನದೊಂದು ಅರಿಕೆ. ನಮ್ಮ ಸದಸ್ಯರಲ್ಲಿ ಮೋಟಾರು ಕಟ್ಟುವವರು, ಬೆಸುಗೆ ಹಾಕುವವರು, ಕೊಳಾಯಿ ಕೆಲಸದವರು ಇದ್ದಾರೆ. ವರ್ಷಕ್ಕೊಮ್ಮೆ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುತ್ತೀರಿ. ಹೋದಾಗ ಎರಡು ದಿನ ಬಿಡುವು ಮಾಡಿಕೊಂಡು, ಊರಿನ ಇಬ್ಬರು ಹುಡುಗರಿಗೆ, ಇಬ್ಬರು ಹುಡುಗಿಯರಿಗೆ, ಸ್ಪಾನರು ಹಿಡಿಯುವುದನ್ನು, ವಾಶರು ಬದಲಿಸುವುದನ್ನು, ಸುಟ್ಟ ತಂತಿಯನ್ನು ಗುರುತಿಸುವುದನ್ನು ಕಲಿಸಿಬನ್ನಿರಿ. ಬಳಕೆಯ ವಾಶರು, ಬೇರಿಂಗು, ಫ್ಯೂಜು ಇವುಗಳ ಒಂದು ಪೆಟ್ಟಿಗೆಯನ್ನು ಪಂಚಾಯತಿಯಲ್ಲಿಯೋ ಶಾಲೆಯಲ್ಲಿಯೋ ಇಡಿಸಿರಿ. ಆ ಪೆಟ್ಟಿಗೆಗೆ ತಗಲುವ ಹಣ ಹೆಚ್ಚಿನದಲ್ಲ. ನಮ್ಮ ಸಂಘದ ಒಂದು ಸಹಾಯಾರ್ಥ ಪ್ರದರ್ಶನದ ಉಳಿತಾಯದಲ್ಲಿ ಹಲವು ಊರುಗಳಿಗೆ ಆದೀತು. ಈ ಸಲಹೆಯನ್ನು ಮುಂದಿನ ಸಭೆಯ ಕಾರ್ಯಕಲಾಪದಲ್ಲಿ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸುತ್ತೇನೆ.

ಊರಿಗೆ ಯಂತ್ರ ಕೊಡುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ನಿಂತ ಯಂತ್ರವನ್ನು ನಡೆಸುವ ವಿದ್ಯೆ ಅನೇಕರಿಗೆ ಇದೆ. ಅದನ್ನು ಕೊಟ್ಟರೆ ಕಡಿಮೆಯಾಗದು.